ಮಳೆ ಹೊಳವಾಗುವವರೆಗೆ

ಗೇಮ್ ಹೇಗಿದೆ ಅಂತ ಯಾರಾದರೂ ಕೇಳಿದರೆ ಸಾಮಾನ್ಯವಾಗಿ ಗ್ರಾಫಿಕ್ಸ್ ಬಗ್ಗೆ ಹೇಳಬೇಕು, ಕಥೆ ಬಗ್ಗೆ ಹೇಳಬೇಕು, ಎಷ್ಟು ಗಂಟೆ ಆಡಬಹುದು ಅಂತ ಹೇಳಬೇಕು. ನಾನು ಮೊದಲು ನೋಡುವುದು ಮಳೆ. ಮಳೆ ಬಂದಾಗ ಗೇಮಿನೊಳಗಿನ ಮನುಷ್ಯ ಏನು ಮಾಡುತ್ತಾನೆ? ಒದ್ದೆಯಾಗುತ್ತಾನಾ, ಜಾರುತ್ತಾನಾ, ಸೂರು ಹುಡುಕುತ್ತಾನಾ? ಬಿಸಿಲಿನಲ್ಲಿ ಓಡಿದ ಹಾಗೇ ಮಳೆಯಲ್ಲೂ ಓಡುತ್ತಿದ್ದರೆ ಅದು ಮಳೆಯಲ್ಲ, ಟಿವಿ ಮೇಲೆ ಎಳೆದ ಬಿಳಿ ಗೀಟು.

ಇದು ನನ್ನ ಹುಚ್ಚು ಅಂತ ಗೊತ್ತು. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ, ಆಗುಂಬೆ ಮೇಲಿನ ಮೋಡ ಸೀದಾ ನಮ್ಮ ಅಂಗಳಕ್ಕೇ ಬರುತ್ತದೆ ಅನ್ನಿಸುವಂಥ ಜಾಗ. ಈಗ ಇರುವುದು ಶಿವಮೊಗ್ಗ ಪೇಟೆಯಲ್ಲಿ. ಆದರೂ ನಾನು ಹೆಚ್ಚು ಗೇಮ್ ಆಡಿದ್ದೆಲ್ಲ ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲೇ, ಹೊರಗೆ ಕಾಲಿಡಲಾಗದೆ, ಬಚ್ಚಲ ಒಲೆ ಮೇಲೆ ಒಣಗಲು ಹಾಕಿದ ಬಟ್ಟೆಯ ಹೊಗೆ ವಾಸನೆಯ ನಡುವೆ.

ಮೊದಲನೆಯದು ಎಲ್ಲರ ಮನೆಗೂ ಬಂದ ಹಾಗೇ ಬಂದ ಟಿವಿ ಗೇಮ್. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ತಂದ ಮಷಿನ್ನಿನ ನಕಲು ಅದು ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕ್ಯಾಸೆಟ್ ಮೇಲೆ 9999 ಗೇಮ್ ಅಂತ ಬರೆದಿತ್ತು. ಇದ್ದದ್ದು ಹತ್ತೋ ಹನ್ನೆರಡೋ, ಉಳಿದದ್ದೆಲ್ಲ ಅವೇ ಮತ್ತೆ ಮತ್ತೆ. ಅದರಲ್ಲಿ ನಮಗೆ ಪ್ರಾಣ ಅಂದರೆ ಬಾತುಕೋಳಿ ಹೊಡೆಯುವ ಡಕ್ ಹಂಟ್. ನನ್ನ ಮಾವನ ಮಗ, ನಾನು ಭಾವ ಅಂತ ಕರೆಯುವವನು, ಒಂದು ದಿನ ಗುರಿ ತಪ್ಪೀ ತಪ್ಪೀ ಸಿಟ್ಟು ಬಂದು ಗೇಮಿನ ಆಟದ ಬಂದೂಕನ್ನು ತಲೆ ಮೇಲಿನ ಬಲ್ಬಿಗೆ ಹಿಡಿದು ಒತ್ತಿದ. ಬಂದೂಕಿನೊಳಗೆ ಬೆಳಕು ನೋಡುವ ಕಣ್ಣಿದೆ, ಬೆಳಕು ಕಂಡರೆ ಸಾಕು ಬಾತುಕೋಳಿ ಬೀಳುತ್ತದೆ ಅನ್ನುವುದು ಅವನ ಲೆಕ್ಕ. ಅರ್ಧ ಸರಿ. ಬಂದೂಕಿನ ಕುದುರೆ ಒತ್ತಿದ ಕೂಡಲೇ ಟಿವಿ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತದೆ. ಬಂದೂಕಿಗೆ ಮೊದಲು ಕತ್ತಲೆ ಕಂಡು ಆಮೇಲೆ ಬೆಳಕು ಕಂಡರೆ ಮಾತ್ರ ಏಟು ಬಿದ್ದ ಲೆಕ್ಕ. ಬಲ್ಬು ಕಪ್ಪಾಗುವುದಿಲ್ಲವಲ್ಲ, ಹಾಗಾಗಿ ಭಾವನ ಕಳ್ಳಾಟ ನಡೆಯಲಿಲ್ಲ. ಗೇಮಿನೊಳಗೆ ಹುಲ್ಲಿನ ಹಿಂದಿನಿಂದ ಒಂದು ನಾಯಿ ಎದ್ದು ಕಿಸಿಕಿಸಿ ನಕ್ಕಿತು. ಆ ನಾಯಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದರಲ್ಲಿ ಮಳೆ ಇರಲಿಲ್ಲ. ಹೊರಗಿನ ಮಳೆಯೇ ಒಳಗೆ ಬರುತ್ತಿತ್ತು. ವೋಲ್ಟೇಜ್ ಇಳಿದರೆ ಟಿವಿಯ ಚಿತ್ರ ಎರಡೂ ಪಕ್ಕದಿಂದ ಕುಗ್ಗುತ್ತಿತ್ತು, ಬಾತುಕೋಳಿಗಳು ಸಣ್ಣಗಾಗಿ ಸಣಕಲಾಗಿ ಹಾರುತ್ತಿದ್ದವು.

ಪ್ಲೇಸ್ಟೇಷನ್ 2 ಬಂದ ಮೇಲೆ ಕಥೆ ಬೇರೆ. ಅಲ್ಲಿ ನನ್ನ ಶತ್ರು ರಾಕ್ಷಸರಲ್ಲ, ಕರೆಂಟು. ಮಲೆನಾಡಿನಲ್ಲಿ ಮಳೆಗಾಲ ಅಂದರೆ ಎಲ್ಲೋ ಒಂದು ಕಡೆ ಲೈನ್ ಮೇಲೆ ಮರ ಬಿದ್ದಿರುತ್ತದೆ. ಆ ಪಿಎಸ್2ಗೆ 8 ಎಂಬಿಯ ಮೆಮೊರಿ ಕಾರ್ಡ್. ನಾವಾಗಿ ಸೇವ್ ಮಾಡದಿದ್ದರೆ ಆಡಿದ್ದೆಲ್ಲ ಹೊಳೆಗೆ ಹಾಕಿದ ಹುಣಸೆಹಣ್ಣು. 2005ರ ರೆಸಿಡೆಂಟ್ ಈವಿಲ್ 4 ನನ್ನ ಮೆಚ್ಚಿನ ಗೇಮುಗಳ ಪಟ್ಟಿಯಲ್ಲಿ ಮೇಲಿರುವುದಕ್ಕೆ ಇದೂ ಒಂದು ಕಾರಣ. ಅದರಲ್ಲಿ ಸೇವ್ ಮಾಡಬೇಕೆಂದರೆ ಟೈಪ್‌ರೈಟರ್ ಇರುವ ಜಾಗಕ್ಕೆ ಹೋಗಬೇಕು. ಸತ್ತರೆ ಸ್ವಲ್ಪ ಹಿಂದಿನಿಂದ ಮತ್ತೆ ಶುರು ಮಾಡಬಹುದು, ಆದರೆ ಕರೆಂಟು ಹೋದರೆ ಟೈಪ್‌ರೈಟರೇ ಗತಿ. ನಾನು ಆಡುತ್ತಿದ್ದದ್ದು ಹೀಗೆ: ದೂರದಲ್ಲಿ ಗುಡುಗು ಕೇಳಿಸಿದರೆ ಸಾಕು, ಎದುರಿಗಿದ್ದವರನ್ನೆಲ್ಲ ಬಿಟ್ಟು ಟೈಪ್‌ರೈಟರ್ ಕಡೆ ಓಟ. ಆ ಗೇಮಿನಲ್ಲಿ ಕೆರೆಯ ದೊಡ್ಡ ಪ್ರಾಣಿಯನ್ನು ಕೊಂದಾದ ಮೇಲೆ ನಾಯಕ ಲಿಯೋನ್ ತಲೆ ಸುತ್ತಿ ಬೀಳುತ್ತಾನೆ, ಎದ್ದಾಗ ರಾತ್ರಿ, ಹೊರಗೆ ಧೋ ಅಂತ ಮಳೆ. ಆ ಮಳೆಯಲ್ಲಿ ಗುಡ್ಡದಂಥ ದೈತ್ಯನೊಬ್ಬ ಎದುರಾಗುತ್ತಾನೆ. ಶುರುವಿನಲ್ಲಿ ಬೋನಿಗೆ ಸಿಕ್ಕಿದ್ದ ನಾಯಿಯನ್ನು ಬಿಡಿಸಿದ್ದರೆ ಅದು ಆಗ ಓಡಿ ಬಂದು ದೈತ್ಯನಿಗೆ ಬೊಗಳಿ ನಿಮ್ಮನ್ನು ಕಾಯುತ್ತದೆ. ಡಕ್ ಹಂಟ್ ನಾಯಿಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ! ಟಿವಿಯಲ್ಲೂ ಮಳೆ, ಹೆಂಚಿನ ಮೇಲೂ ಮಳೆ, ಯಾವ ಸದ್ದು ಯಾವುದರದ್ದು ಅಂತ ಗೊತ್ತಾಗದ ಹಾಗೆ. ದೈತ್ಯ ಇನ್ನೇನು ಬೀಳಬೇಕು, ಪಟ್ ಅಂತ ಕತ್ತಲು. ಹೆಂಚಿನ ಮಳೆ ಮಾತ್ರ ಉಳಿಯಿತು. ಒಳಗಿನಿಂದ ಅಮ್ಮ, "ಸದ್ಯ, ಈಗಲಾದರೂ ಊಟಕ್ಕೆ ಬಾ" ಅಂದರು.

ಈಗಿನ ಕನ್ಸೋಲ್‌ಗಳು ತಾವೇ ಸೇವ್ ಮಾಡಿಕೊಳ್ಳುತ್ತವೆ, ಸರಿ. ಆದರೆ ಪಿಎಸ್4 ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಆನ್ ಮಾಡಿದರೆ, ಸರಿಯಾಗಿ ಆಫ್ ಮಾಡಿಲ್ಲ ಅಂತ ನಮಗೇ ಬುದ್ಧಿ ಹೇಳಿ ಸ್ಟೋರೇಜ್ ಪರೀಕ್ಷೆಗೆ ಕೂರುತ್ತದೆ. ನಾನು ಆಫ್ ಮಾಡಿದ್ದಲ್ಲ ಮಾರಾಯ, ಮರ ಬಿದ್ದಿದ್ದು ಅಂತ ಅದಕ್ಕೆ ಹೇಳುವುದು ಹೇಗೆ.

ಈಗ ನನ್ನ ನಂಬರ್ ಒನ್. ಅದೇ ನಿಂಟೆಂಡೋದವರ 2017ರ ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್. ಈ ಗೇಮಿನಲ್ಲಿ ಕಣ್ಣಿಗೆ ಕಂಡ ಗುಡ್ಡ, ಮರ, ಗೋಡೆ ಬಹುಪಾಲು ಎಲ್ಲವನ್ನೂ ಹತ್ತಬಹುದು, ಮೈಯಲ್ಲಿ ಕಸುವು ಇರುವವರೆಗೆ. ಮಳೆ ಬಂತೋ, ಜಾರಿಕೆ ಶುರು. ನಾಲ್ಕು ಹೆಜ್ಜೆ ಮೇಲೆ, ಸರ್ರನೆ ಕೆಳಗೆ. ಆಡಿದವರೆಲ್ಲ ಬೈದುಕೊಂಡ ವಿಷಯ ಇದು, ನನ್ನ ಬೆಂಗಳೂರಿನ ಗೆಳೆಯನಂತೂ ಇದೊಂದೇ ಕಾರಣಕ್ಕೆ ಗೇಮ್ ಬಿಟ್ಟ. ನನಗೆ ಇದಕ್ಕಿಂತ ಸರಿಯಾದ ಮಳೆ ಯಾವ ಗೇಮಿನಲ್ಲೂ ಸಿಕ್ಕಿಲ್ಲ. ಬೆಂಕಿ ಹಚ್ಚಿದರೆ ಆರುತ್ತದೆ. ಗುಡುಗು ಮಿಂಚಿನಲ್ಲಿ ಕಬ್ಬಿಣದ ಕತ್ತಿ ಬೆನ್ನಿಗಿದ್ದರೆ ಕಿಡಿ ಹಾರಿ ಸಿಡಿಲು ಹೊಡೆಯುತ್ತದೆ. ಅದೇ ಹೊತ್ತಿಗೆ ಮಳೆಯ ಸದ್ದಿನಲ್ಲಿ ನಿಮ್ಮ ಹೆಜ್ಜೆ ಸದ್ದು ಮುಚ್ಚಿಹೋಗುವುದರಿಂದ ಶತ್ರುವಿನ ಹಿಂದೆ ಮೆಲ್ಲಗೆ ಹೋಗುವುದು ಸುಲಭ. ಬಂಡೆಯ ಕೆಳಗೆ ಒದ್ದೆಯಾಗದ ಜಾಗ ನೋಡಿ, ಕಟ್ಟಿಗೆ ಹಾಕಿ ಬೆಂಕಿ ಮಾಡಿ, ಮಳೆ ಹೊಳವಾಗುವವರೆಗೆ ಕಾಯಬಹುದು. ಕಾಯುವುದೂ ಆಟವೇ. ಮಳೆ ಬಂದರೆ ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ ಅನ್ನುವುದನ್ನು ಜಪಾನಿನವರಿಗೆ ಯಾರು ಹೇಳಿಕೊಟ್ಟರೋ.

ಇದನ್ನು ಒಂದೇ ನೋಟಕ್ಕೆ ಹಿಡಿದವರು ನಮ್ಮ ತೋಟಕ್ಕೆ ಮರ ಹತ್ತಿ ಅಡಿಕೆ ಕೊನೆ ಇಳಿಸಲು ಬರುವ ಕೊನೆಗೌಡರು. ಅಡಿಕೆಗೆ ಔಷಧಿ ಹೊಡೆಯುವ ದಿನ. ಬೋರ್ಡೋ ದ್ರಾವಣ ಕಲಸಿ ಇಟ್ಟಾಗಿತ್ತು, ಮೈಲುತುತ್ತದ ನೀಲಿ ಬಣ್ಣ ಡ್ರಮ್ಮಿನ ಅಂಚಿಗೆಲ್ಲ ಅಂಟಿತ್ತು, ಅಷ್ಟರಲ್ಲಿ ಮಳೆ ಹಿಡಿಯಿತು. ಅವರು ಜಗಲಿ ಮೇಲೆ ಕೂತು ಕವಳ ಹಾಕುತ್ತಿದ್ದರು, ಪಕ್ಕದಲ್ಲಿ ನಾನು ನಿಂಟೆಂಡೋ ಸ್ವಿಚ್ ಮಷಿನ್ ಹಿಡಿದು ಜೆಲ್ಡಾ ಗೇಮಿನ ನಾಯಕ ಲಿಂಕ್‌ನನ್ನು ಒಂದು ಬಂಡೆ ಹತ್ತಿಸುತ್ತಿದ್ದೆ. ಅವನು ಜಾರಿದ. ಮತ್ತೆ ಹತ್ತಿಸಿದೆ, ಮತ್ತೆ ಜಾರಿದ. ಮೂರನೇ ಸಲಕ್ಕೆ ಅವರು ಬಗ್ಗಿ ನೋಡಿ, "ಎಂಥ ತಮ್ಮಾ, ಹುಡುಗನ್ನ ಮಳೇಲಿ ಹತ್ತಿಸ್ತಾ ಇದ್ದೀಯಾ? ಪಾಚಿ ಕಟ್ಟಿದ ಮರ ಒದ್ದೆ ಇದ್ದಾಗ ನಾನೇ ಹತ್ತಲ್ಲ. ಮರ ಹತ್ತೋಕೆ ಕಾಲಿಗೆ ಹಾಕೋ ತಳೆನೂ ಅವನಿಗಿಲ್ಲ" ಅಂದರು. ಅಷ್ಟೂ ವರ್ಷದಲ್ಲಿ ಗೇಮ್ ವಿಮರ್ಶೆ ಅಂತ ನಾನು ಓದಿದ್ದರಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಬರೆದಿರಲಿಲ್ಲ.

ಇನ್ನು ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ. ಇದರ ಬಗ್ಗೆ ನನಗೆ ಪ್ರೀತಿಯೂ ಇದೆ, ಜಗಳವೂ ಇದೆ. ಇದೂ 2017ರದ್ದೇ, ಪಿಎಸ್4ಗೆ ಬಂದದ್ದು, ಮಾಡಿದವರು ಅಮೆರಿಕದ ನಾಟಿ ಡಾಗ್. ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ! ಕ್ಲೋಯಿ ಫ್ರೇಜರ್ ಅನ್ನುವವಳು ನಡೀನ್ ಜೊತೆ ಸೇರಿ ಗಣೇಶನ ದಂತ ಹುಡುಕಿಕೊಂಡು ಹೊಯ್ಸಳರ ಪಾಳುನಗರಗಳಿಗೆ ಬರುತ್ತಾಳೆ. ಟಿವಿಯಲ್ಲಿ ಹಳೇಬೀಡು, ಬೇಲೂರು ಅನ್ನುವ ಹೆಸರು ಇಂಗ್ಲಿಷ್ ನಾಲಿಗೆಯಲ್ಲಿ ಕೇಳಿದಾಗ ನಾನು ಗೇಮ್ ನಿಲ್ಲಿಸಿ ಭಾವನಿಗೆ ಫೋನ್ ಮಾಡಿದ್ದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದ್ದು 2023ರಲ್ಲಿ. ಗೇಮಿನವರು ಆರು ವರ್ಷ ಮುಂಚೆಯೇ ಬಂದಿದ್ದರು. ಜೀಪು ಓಡಿಸಿಕೊಂಡು ಜಲಪಾತದ ಬುಡದಲ್ಲಿ, ಹಳ್ಳದ ನೀರಿನಲ್ಲಿ ಸುಮ್ನೆ ತಿರುಗಾಡುವ ಆ ದೊಡ್ಡ ಅಧ್ಯಾಯವಿದೆಯಲ್ಲ, ಅದನ್ನು ನಾನು ಮೂರು ಸಲ ಆಡಿದ್ದೇನೆ. ಅಲ್ಲಲ್ಲಿ ಬಚ್ಚಿಟ್ಟ 11 ಹೊಯ್ಸಳ ಬಿಲ್ಲೆಗಳನ್ನು ಹುಡುಕಿ ರಾಣಿಯ ಕೆಂಪು ಹರಳನ್ನೂ ಪಡೆದೆ. ಸಿಕ್ಕಿಹಾಕಿಕೊಂಡ ಆನೆಯೊಂದನ್ನು ಬಿಡಿಸಿ ಅದರ ಬೆನ್ನೇರುವ ಜಾಗವೂ ಚೆಂದ.

ಜಗಳ ಏನು ಅಂದರೆ, ಮೊದಲನೆಯದಾಗಿ ಉಂಬಳ, ರಕ್ತ ಹೀರುವ ಜಿಗಣೆ. ಕ್ಲೋಯಿ ಶತ್ರುಗಳಿಗೆ ಕಾಣದ ಹಾಗೆ ಎದೆಮಟ್ಟದ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾಳೆ, ಎಷ್ಟು ಹೊತ್ತು ಬೇಕಾದರೂ. ಘಟ್ಟದ ಕಾಡಿನಲ್ಲಿ! ಒಂದೇ ಒಂದು ಉಂಬಳ ಹತ್ತುವುದಿಲ್ಲ. ಹೊಗೆಸೊಪ್ಪು, ಸುಣ್ಣ, ಉಪ್ಪು ಯಾವುದೂ ಜೇಬಿನಲ್ಲಿಲ್ಲ. ಎರಡನೆಯದಾಗಿ ಬಿಸಿಲು. ಶುರುವಿನಲ್ಲಿ ಪೇಟೆಯ ರಾತ್ರಿಯಲ್ಲಿ ಒಳ್ಳೆ ಮಳೆ ಸುರಿಸುತ್ತಾರೆ, ಘಟ್ಟಕ್ಕೆ ಬಂದ ಮೇಲೆ ಜೀಪು ಓಡಾಡುವಾಗೆಲ್ಲ ಪೋಸ್ಟ್‌ಕಾರ್ಡಿನ ಬಿಸಿಲು. ಮೂರನೆಯದು ಸ್ವಲ್ಪ ಗಂಭೀರ. ಗೇಮಿನ ಹೊಯ್ಸಳರು ಗುಡ್ಡದೆತ್ತರದ ವಿಗ್ರಹ ಕಡೆಯುವವರು. ನಿಜವಾದ ಹೊಯ್ಸಳರ ದೊಡ್ಡತನ ಎತ್ತರದಲ್ಲಿಲ್ಲ, ಸಣ್ಣದರಲ್ಲಿದೆ ಅಲ್ವಾ. ಶಿವಮೊಗ್ಗದಿಂದ ಹತ್ತಿರವೇ ಇರುವ ಭದ್ರಾವತಿಯ ಲಕ್ಷ್ಮೀನರಸಿಂಹ ಗುಡಿಗೆ ಹೋಗಿ, ಇಲ್ಲಾ ತರೀಕೆರೆ ಹತ್ತಿರ ಅಮೃತಾಪುರಕ್ಕೆ ಹೋಗಿ. ಅಮೃತಾಪುರದ್ದು 1196ರಲ್ಲಿ ಕಟ್ಟಿದ್ದು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತರೆ ಮಾತ್ರ ಅದು ಕಾಣಿಸುವುದು. ಬಳಪದ ಕಲ್ಲು ಕಡೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಅದಕ್ಕೇ ಒಡವೆಯ ಮಣಿ ಮಣಿಯನ್ನೂ ಬಿಡಿಸಲು ಆಗಿದ್ದು. ಕೆಲವು ಶಿಲ್ಪಿಗಳು ತಮ್ಮ ಹೆಸರನ್ನೂ ಕೊರೆದಿದ್ದಾರೆ, ಮಲ್ಲಿತಮ್ಮನ ಹೆಸರು ಕೇಳಿರುತ್ತೀರಿ. ಇಷ್ಟೆಲ್ಲ ಹತ್ತಿರದಿಂದ ನೋಡುವಂಥದ್ದನ್ನು ಬಿಟ್ಟು ಎಲ್ಲವನ್ನೂ ಗಗನಕ್ಕೆ ಏರಿಸಿ ಕೊನೆಗೆ ಉರುಳಿಸಿಬಿಟ್ಟರೆ ಹೊಟ್ಟೆ ಉರಿಯದೆ ಇರುತ್ತದಾ. ಹಾಗಂತ ಆಡಬೇಡಿ ಅಂತಲ್ಲ. ಮೂರು ಸಲ ಆಡಿದ್ದೇನೆ ಅಂತ ಆಗಲೇ ಹೇಳಿದೆನಲ್ಲ.

ಉಳಿದವನ್ನು ಬೇಗ ಮುಗಿಸುತ್ತೇನೆ. ರೆಡ್ ಡೆಡ್ ರಿಡೆಂಪ್ಶನ್ 2, 2018ರದ್ದು, ಕೆಸರಿಗೆ ನೂರಕ್ಕೆ ನೂರು. ಬಿದ್ದರೆ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ, ಸ್ನಾನ ಮಾಡದೆ ತಿರುಗಿದರೆ ಜನ ಆಡಿಕೊಳ್ಳುತ್ತಾರೆ. ಆದರೆ ಆಟ ತುಂಬಾ ನಿಧಾನ, ಒಂದು ಡಬ್ಬಿ ಎತ್ತಿಕೊಳ್ಳಲು ಇಷ್ಟು ಹೊತ್ತು ಬೇಕಾ? 2020ರ ಘೋಸ್ಟ್ ಆಫ್ ತ್ಸುಶಿಮಾದಲ್ಲಿ ದಾರಿ ತೋರಿಸುವುದು ಗಾಳಿ, ಕೊಳಲು ಊದಿದರೆ ಹವಾಮಾನವೇ ಬದಲಾಗುತ್ತದೆ. ಊದಿ ಮಳೆ ನಿಲ್ಲಿಸುವುದು ನೋಡಲು ಚೆಂದ, ನನ್ನ ಮಟ್ಟಿಗೆ ಮಾತ್ರ ಅದು ಮೋಸ. ಶ್ಯಾಡೋ ಆಫ್ ದಿ ಕೊಲೋಸಸ್‌ನಲ್ಲಿ 16 ದೈತ್ಯರು ಬಿಟ್ಟರೆ ಬೇರೆ ಶತ್ರುಗಳೇ ಇಲ್ಲ. ಕತ್ತಿಯನ್ನು ಬಿಸಿಲಿಗೆ ಹಿಡಿದರೆ ದಾರಿ ತೋರುತ್ತದೆ, ನೆರಳಲ್ಲಿ ತೋರಿಸುವುದಿಲ್ಲ. ಅದನ್ನು ಮಲೆನಾಡಿನಲ್ಲಿ ಇಟ್ಟಿದ್ದರೆ ಜೂನ್‌ನಲ್ಲಿ ಶುರು ಮಾಡಿದ ಆಟ ನವರಾತ್ರಿಗೆ ಮುಗಿಯುತ್ತಿತ್ತು.

ಮೋಸದ ಮಾತು ಬಂದಿದ್ದಕ್ಕೆ ಇನ್ನೊಂದು. ಜೆಲ್ಡಾದ ಮುಂದಿನ ಭಾಗ 2023ರಲ್ಲಿ ಬಂತು, ಟಿಯರ್ಸ್ ಆಫ್ ದಿ ಕಿಂಗ್‌ಡಮ್. ಬೈದವರ ಬಾಯಿ ಮುಚ್ಚಿಸಲೋ ಏನೋ, ಅದರಲ್ಲಿ ಕಪ್ಪೆ ವೇಷದ ಅಂಗಿ ಕೊಟ್ಟಿದ್ದಾರೆ. ಒಂದು ಪತ್ರಿಕೆಗೆ ಊರೂರು ಸುತ್ತಿ ಸುದ್ದಿ ಪತ್ತೆ ಮಾಡಿಕೊಟ್ಟರೆ ಅಂಗಿ, ಚಡ್ಡಿ, ಟೊಪ್ಪಿ ಒಂದೊಂದಾಗಿ ಸಿಗುತ್ತವೆ. ಮೂರನ್ನೂ ತೊಟ್ಟು, ಮೇಲೆ ಒಂದಷ್ಟು ಸುಧಾರಣೆ ಮಾಡಿಸಿದರೆ ಮಳೆಯಲ್ಲಿ ಜಾರುವುದೇ ಇಲ್ಲ. ನನಗೆ ಇದು ಸ್ವಲ್ಪವೂ ಹಿಡಿಸಲಿಲ್ಲ, ಮಳೆಯ ಮರ್ಯಾದೆ ತೆಗೆದರು ಅನ್ನಿಸಿತು.

ಹೋದ ಸಲ ಕೊನೆಕೊಯ್ಲಿಗೆ ಬಂದಾಗ ಕೊನೆಗೌಡರೇ ಕೇಳಿದರು, "ಆ ಹುಡುಗ ಹತ್ತಿದ್ನಾ?" ಹತ್ತಿದ, ಮಳೆ ಹೊಳವಾದ ಮೇಲೆ ಅಂದೆ. "ಹೇಳ್ಲಿಲ್ವಾ ನಾನು" ಅಂದು ನಕ್ಕರು. ಈ ಕಪ್ಪೆ ಅಂಗಿಯ ಕಥೆಯನ್ನೂ ಹೇಳಿದೆ. ಅವರೂ ನನ್ನ ಹಾಗೇ ಛೀ ಅನ್ನುತ್ತಾರೆ ಅಂದುಕೊಂಡಿದ್ದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಎಲ್ಲಿ ಸಿಗುತ್ತಂತೆ ಅದು? ಎಷ್ಟಾಗ್ತದೆ?"