ಮೊಳೆಯ ಲೆಕ್ಕ

ನಾನು ಎಂ.ಟೆಕ್‌ಗೆ ಸುರತ್ಕಲ್‌ಗೆ ಬಂದದ್ದು 2001ರಲ್ಲಿ. ಆಗ ನಮ್ಮ ಕಾಲೇಜು ಇನ್ನೂ ಕೆಆರ್‌ಇಸಿ, ಓದು ಮುಗಿಸಿ ಹೊರಡುವಷ್ಟರಲ್ಲಿ ಎನ್‌ಐಟಿಕೆ ಆಗಿತ್ತು. ಆ ವರ್ಷದ ಜನವರಿಯಲ್ಲೇ ಭುಜ್ ಭೂಕಂಪ ಆಗಿತ್ತಲ್ಲ, ಹಾಗಾಗಿ ಪ್ರಾಜೆಕ್ಟಿಗೆ ಎಲ್ಲರಿಗೂ ಕಾಂಕ್ರೀಟ್ ಬಿಲ್ಡಿಂಗೇ ಬೇಕು, ಅದರಲ್ಲೂ ಕೆಳಗೆ ಬರೀ ಕಂಬ ನಿಲ್ಲಿಸಿ ಪಾರ್ಕಿಂಗಿಗೆ ಬಿಟ್ಟದ್ದು. ನನಗೆ ಸಿಕ್ಕಿದ್ದು ಮರದ ಚೌಕಟ್ಟಿನ ಗೋಡೆ!

ಮುರಕಲ್ಲಿನ ಊರಲ್ಲಿ ಇದನ್ನು ಯಾರು ಕಟ್ಟುತ್ತಾರೆ ಸರ್ ಅಂದೆ. ನನ್ನ ಗೈಡ್ ಆಗಿದ್ದ ಅವರು 1994ರ ನಾರ್ತ್‌ರಿಜ್ ಭೂಕಂಪದ ಫೋಟೊ ಮುಂದಿಟ್ಟರು. ಲಾಸ್ ಏಂಜಲೀಸಿನ ಮೂರು ಮಹಡಿಯ ಮರದ ಅಪಾರ್ಟ್‌ಮೆಂಟ್, ಕೆಳಗಿನ ಮಹಡಿ ಕುಸಿದು 16 ಜನ ಸತ್ತದ್ದು. ಅಲ್ಲೂ ಕೆಳಗೆ ಒಂದಷ್ಟು ಭಾಗ ಪಾರ್ಕಿಂಗಿಗೆ ಬಿಟ್ಟದ್ದು. "ನಿಮ್ಮ ಭುಜ್‌ಗೂ ಇದಕ್ಕೂ ಎಂತ ವ್ಯತ್ಯಾಸ ಉಂಟು ಹೇಳಿ ನೋಡುವ" ಅಂದರು. ಅಲ್ಲಿಗೆ ನನ್ನ ಮಾತು ಮುಗಿಯಿತು.

ಗೋಡೆ ನೋಡಲು ಸರಳ. 16 ಇಂಚಿಗೊಂದು ನಿಂತ ಮರ, ಮೇಲೆ ಕೆಳಗೆ ಅಡ್ಡಪಟ್ಟಿ, ಅದರ ಮೇಲೆ ಎಂಟು ಅಡಿ ನಾಲ್ಕು ಅಡಿಯ ಪ್ಲೈವುಡ್. ಮೊಳೆ ಅಂಚಿನಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು. ಮೇಲಿನಿಂದ ಪಕ್ಕಕ್ಕೆ ತಳ್ಳಿದರೆ ಚೌಕಟ್ಟು ಓರೆಯಾಗುತ್ತದೆ, ಪ್ಲೈವುಡ್ ಆಕಾರ ಬಿಡದೆ ಸ್ವಲ್ಪ ತಿರುಗುತ್ತದೆ ಅಷ್ಟೆ, ಇವೆರಡರ ನಡುವಿನ ಜಗಳವನ್ನೆಲ್ಲ ತಾಳಿಕೊಳ್ಳುವುದು ಮೊಳೆಗಳು, ಮೂಲೆಯವು ಎಲ್ಲಕ್ಕಿಂತ ಜಾಸ್ತಿ. ಈ ಗೋಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾಡೆಲ್‌ನಲ್ಲಿ ಮರ ಬಗ್ಗುವುದಿಲ್ಲ ಅಂತ ಇಟ್ಟುಕೊಂಡರೂ ನಡೆಯುತ್ತದೆ. ಪ್ರತಿ ಮೊಳೆಯ ಬದಲಿಗೂ ಲೆಕ್ಕದಲ್ಲಿ ಒಂದು ಸ್ಪ್ರಿಂಗ್ ಮಾತ್ರ ಬೇಕೇ ಬೇಕು.

ಆ ಸ್ಪ್ರಿಂಗ್ ಹೇಗಿರುತ್ತದೆ ಅಂತ ಕಣ್ಣಾರೆ ನೋಡುವವರೆಗೆ ಸರ್ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಲ್ಯಾಬಿನಲ್ಲಿ ಒಂದು ತುಂಡು ಮರಕ್ಕೆ ಪ್ಲೈವುಡ್ ಹೊಡೆದು ಹಿಂದೆ ಮುಂದೆ ಎಳೆದೆವು. ಬಿಚ್ಚಿ ನೋಡಿದರೆ ಮೊಳೆ ಸೊಟ್ಟಗಾಗಿತ್ತು, ಅದರ ಎರಡೂ ಬದಿ ಮರದ ನಾರು ಜಜ್ಜಿ ತೂತು ಉದ್ದವಾಗಿತ್ತು. ಮತ್ತೆ ಎಳೆದರೆ ಮೊಳೆ ಆ ತೂತಿನಲ್ಲಿ ಸುಮ್ನೆ ಓಡಾಡುತ್ತದೆ, ಹಳೆ ಬಾಗಿಲಿನ ಸಡಿಲ ಬಿಜಾಗರಿಯ ಹಾಗೆ, ಆಚೆ ಬದಿಯ ಗಟ್ಟಿ ಮರ ತಾಗಿದ ಮೇಲೆಯೇ ಬಲ ಏರುವುದು. ಎಳೆದ ಬಲಕ್ಕೂ ಸರಿದ ದೂರಕ್ಕೂ ಹಾಕುವ ಗ್ರಾಫಿನ ಸೊಂಟ ಸಣ್ಣಗಾಗುವುದು ಇದರಿಂದಲೇ. ಪುಸ್ತಕದಲ್ಲಿ ಆ ಚಿತ್ರ ಎಷ್ಟು ಸಲ ನೋಡಿದ್ದರೂ ತಲೆಗೆ ಹತ್ತಿರಲಿಲ್ಲ. ಫೋಲ್ಜ್ ಮತ್ತು ಫಿಲಿಯಾಟ್ರೊ ಎಂಬ ಇಬ್ಬರು ಸಂಶೋಧಕರು 2001ರಲ್ಲೇ ಇದನ್ನೆಲ್ಲ ಹತ್ತು ಸಂಖ್ಯೆಗಳಲ್ಲಿ ಕಟ್ಟಿಹಾಕಿದ್ದರು. ಆ ಹತ್ತೂ ಬರಬೇಕಾದ್ದು ಮೊಳೆ ಎಳೆದು ನೋಡಿದ ಪರೀಕ್ಷೆಯಿಂದ, ಅಂದಾಜಿನಿಂದ ಅಲ್ಲ.

ಗೋಡೆಯ ತುದಿ ಮೇಲೇಳುವುದನ್ನೂ ಬಿಡುವಂತಿಲ್ಲ. ಎತ್ತರ ಎಂಟಡಿ, ಉದ್ದವೂ ಎಂಟಡಿ ಅಂದುಕೊಳ್ಳಿ. ಮೇಲೆ ಹತ್ತು ಕಿಲೋನ್ಯೂಟನ್ ತಳ್ಳಿದರೆ ತುದಿಯ ಮರವನ್ನು ಕೀಳಲು ಹತ್ತಿರ ಹತ್ತಿರ ಅಷ್ಟೇ ಬಲ ಬೀಳುತ್ತದೆ, ಮೇಲಿನ ಭಾರ ಅದರಲ್ಲಿ ಸ್ವಲ್ಪ ಕಳೆಯುತ್ತದೆ. ಕೆಳಗೆ ಹಿಡಿದಿಡುವ ಕಬ್ಬಿಣದ ಪಟ್ಟಿ ತುಸು ಜಾರಿದರೂ ಗೋಡೆಯ ತಲೆ ಅಷ್ಟು ವಾಲುತ್ತದೆ.

ಲ್ಯಾಬಿನ ಪರೀಕ್ಷೆಗೆ ತುಂಡುಗಳನ್ನು ಮಾಡಿಕೊಟ್ಟದ್ದು ಸುರತ್ಕಲ್ ಪೇಟೆಯ ಒಬ್ಬ ಆಚಾರಿ. ಮೊಳೆ ಇನ್ನೂ ಹತ್ತಿರ, 2 ಇಂಚಿಗೊಂದು ಹೊಡೆಯಿರಿ ಅಂದಾಗ ಅವರಿಗೆ ಸಿಟ್ಟೇ ಬಂತು. "ಒಂದೇ ಸಾಲಲ್ಲಿ ಹೊಡೆದ್ರೆ ಮರ ಸೀಳ್ತದೆ ಮಾರಾಯ್ರೆ, ಒಂದು ಆಚೆ ಒಂದು ಈಚೆ ಹೊಡಿಬೇಕು." ಅಮೆರಿಕದ ನಿಯಮದಲ್ಲೂ ಅಷ್ಟು ಹತ್ತಿರದ ಮೊಳೆಗೆ ಹಲಗೆ ಕೂಡುವಲ್ಲಿ ದಪ್ಪ ಮರ ಹಾಕಿ, ಮೊಳೆ ಆಚೆ ಈಚೆ ಹೊಡೆಯಿರಿ ಅಂತಲೇ ಇದೆ. ನಮ್ಮ ಸ್ಪ್ರಿಂಗ್‌ಗಳಿಗೆ ಮರ ಸೀಳುವ ವಿಷಯವೇ ಗೊತ್ತಿಲ್ಲ. ಅದನ್ನು ರಿಪೋರ್ಟಿನಲ್ಲಿ ಬರೆ, ಆಚಾರಿ ಹೇಳಿದ್ದು ಅಂತಲೂ ಬರೆ ಅಂದರು ಸರ್. ಬರೆದೆ.