ಪಿನೋ ಅಂದರೆ ಬರೀ ಕಣ್ಣೀರಲ್ಲ

ಫ್ರಾನ್ಸಿನ ಸೈಕಲ್ ರೇಸರ್ ತಿಬೋ ಪಿನೋ ರೇಸ್ ಬಿಟ್ಟಿದ್ದು 2023ರಲ್ಲಿ. ಆದರೂ ಜುಲೈ ಬಂದು ಟೂರ್ ಡಿ ಫ್ರಾನ್ಸ್ ಶುರುವಾಯಿತೆಂದರೆ ಸೈಕ್ಲಿಂಗ್ ಹುಚ್ಚಿನವರೆಲ್ಲ ಮತ್ತೆ ಅವನದೇ ವಿಡಿಯೋ ಹಂಚಿಕೊಳ್ಳುತ್ತಾರೆ. ಟೂರ್ ಅವನು ಒಮ್ಮೆಯೂ ಗೆಲ್ಲಲಿಲ್ಲ. 2014ರಲ್ಲಿ ಮೂರನೇ ಸ್ಥಾನ ಬಂತು, ಅಷ್ಟೇ. ಒಟ್ಟಾರೆ ಮುಂದಿರುವವನು ಹಾಕುವ ಹಳದಿ ಜೆರ್ಸಿ ಒಂದು ದಿನವೂ ಸಿಗಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಓಡಾಡುವುದು 2019ರ ಟೂರಿನ 19ನೇ ಸ್ಟೇಜಿನ, ಅಂದರೆ ಒಂದು ದಿನದ ಓಟದ, ತುಣುಕು. ಅದಕ್ಕೆ ಆರು ದಿನ ಮೊದಲು ಟೂರ್ಮಾಲೆ ಬೆಟ್ಟದ ತುದಿಯಲ್ಲಿ ಮುಗಿದ ಸ್ಟೇಜ್ ಗೆದ್ದಿದ್ದ. 1985ರಲ್ಲಿ ಬೆರ್ನಾರ್ ಇನೋ ಗೆದ್ದ ಮೇಲೆ ಫ್ರಾನ್ಸಿನವರು ಯಾರೂ ಟೂರ್ ಗೆದ್ದಿಲ್ಲ, ಈ ಸಲ ಇವನೇ ಅಂತ ಅಲ್ಲಿನ ಜನ ಆಸೆ ಕಟ್ಟಿಕೊಂಡಿದ್ದರು. ಅಷ್ಟರಲ್ಲಿ ತೊಡೆಯ ಸ್ನಾಯು ಕೈಕೊಟ್ಟಿತು. ಪೆಡಲ್ ತುಳಿಯುತ್ತಲೇ ಅಳುತ್ತಾನೆ, ಪಕ್ಕದಲ್ಲಿ ತಂಡದ ವಿಲಿಯಂ ಬೋನೆ ಅವನ ಹೆಗಲ ಮೇಲೆ ಕೈ ಹಾಕುತ್ತಾನೆ, ಕೊನೆಗೆ ಸೈಕಲ್ ಬಿಟ್ಟು ತಂಡದ ಕಾರು ಹತ್ತುತ್ತಾನೆ. ನೋಡೋಕಾಗಲ್ಲ, ಆದರೂ ನೋಡುತ್ತೇವೆ.

ಯಾಕಿಷ್ಟು ಪ್ರೀತಿ? ನನಗನಿಸುವುದು ಇಷ್ಟು: ಅವನಿಗೆ ಮುಚ್ಚಿಡೋಕೆ ಬರಲ್ಲ. ಈಗಿನ ರೈಡರುಗಳು ಕಪ್ಪು ಕನ್ನಡಕ ಹಾಕಿಕೊಂಡು, ಕಿವಿಯಲ್ಲಿ ರೇಡಿಯೋ ಸಿಕ್ಕಿಸಿಕೊಂಡು, ಕಾಲಿನಿಂದ ಎಷ್ಟು ವ್ಯಾಟ್ ಶಕ್ತಿ ಬರುತ್ತಿದೆ ಅಂತ ಮೀಟರ್ ನೋಡುತ್ತಾ ಬೆಟ್ಟ ಹತ್ತುತ್ತಾರೆ. ಇವನ ಮುಖ ನೋಡಿದರೇ ಸಾಕು, ಇವತ್ತು ಆಗುತ್ತೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. 2013ರಲ್ಲಂತೂ ಇಳಿಜಾರಿನ ವೇಗ ಕಂಡರೆ ಭಯ ಅಂತ ಬಾಯಿಬಿಟ್ಟೇ ಹೇಳಿದ. ಆ ಕೆಲಸದಲ್ಲಿರುವವನು ಹಾಗೆ ಹೇಳೋದು ಸುಮ್ನೆ ಮಾತಲ್ಲ. ಜೊತೆಗೆ ಆ ಮೇಕೆಗಳು ಬೇರೆ. ಮೆಲಿಸೆ ಅನ್ನೋ ಸಣ್ಣ ಊರಿನವನು, ಅಲ್ಲೇ ಮೇಕೆ ಸಾಕಿಕೊಂಡಿದ್ದಾನೆ, ಇಂಟರ್ನೆಟ್‌ಗೆ ಇನ್ನೇನು ಬೇಕು?

ಫ್ರಾನ್ಸಿನವರಿಗೆ ಇದು ಹೊಸದೂ ಅಲ್ಲ. ಐದು ಸಲ ಟೂರ್ ಗೆದ್ದ ಆಂಕೆಟಿಲ್‌ಗಿಂತ ಒಂದು ದಿನವೂ ಹಳದಿ ಜೆರ್ಸಿ ಹಾಕದ ಪುಲಿಡೋರ್ ಮೇಲೇ ಅವರಿಗೆ ಮಮತೆ ಜಾಸ್ತಿ.

ನನ್ನ ತಕರಾರು ಒಂದೇ. ಮೀಮ್ ಮಾಡೋರೆಲ್ಲ ಸೇರಿ ಅವನನ್ನು ಪಾಪದ ಹುಡುಗ ಮಾಡಿಟ್ಟಿದ್ದಾರೆ. ಸ್ವಾಮಿ, ಅವನು 2015ರಲ್ಲಿ ಟೂರಿನ ಹೆಸರಾಂತ ಬೆಟ್ಟ ಆಲ್ಪ್ ದ್ಯುಯೆಜ್ ಮೇಲೆ ಸ್ಟೇಜ್ ಗೆದ್ದವನು! ಇಟಲಿಯ ಒಂದು ದಿನದ ದೊಡ್ಡ ರೇಸ್ ಲೊಂಬಾರ್ಡಿಯಾ, ಅದರ 2018ರ ವಿಡಿಯೋ ಯಾರಾದರೂ ಹಾಕುತ್ತಾರಾ? ಚಿವಿಲ್ಯೋ ಏರಿನಲ್ಲಿ ಇಟಲಿಯವನೇ ಆದ ವಿನ್ಚೆನ್ಜೊ ನಿಬಾಲಿಯನ್ನು, ಅದೂ ಇಟಲಿಯಲ್ಲೇ, ಹಿಂದೆ ಬಿಟ್ಟ. ನಿಬಾಲಿ ಅಂದರೆ ಇಳಿಜಾರಿನ ರಾಜ. ಕೆಳಗಿಳಿಯುವಾಗ ಹಿಡಿದೇ ಹಿಡಿಯುತ್ತಾನೆ ಅಂದುಕೊಂಡರೆ, ಇಳಿಜಾರಿಗೆ ಹೆದರುತ್ತಿದ್ದ ಅದೇ ಪಿನೋ ಸಿಗಲೇ ಇಲ್ಲ, ರೇಸ್ ಮುಗಿಯುವ ಕೋಮೋ ಊರಿನ ತನಕ ಒಬ್ಬನೇ ಹೋಗಿ ಗೆದ್ದ.

ಅವನ ಕೊನೆಯ ಟೂರ್ ಆದ 2023ರ ಟೂರಿನ 20ನೇ ಸ್ಟೇಜಿನಲ್ಲಿ, ಪೆಟಿ ಬಾಲೋಂ ಬೆಟ್ಟದ ಒಂದು ತಿರುವನ್ನು ಅಭಿಮಾನಿಗಳು ಪೂರ್ತಿ ಆಕ್ರಮಿಸಿಕೊಂಡಿದ್ದರು. ಹೊಗೆ, ಕೂಗಾಟ, ಬ್ಯಾನರು. ಆ ತಿರುವಿಗೆ ಅವನು ಎಲ್ಲರಿಗಿಂತ ಮುಂದೆ, ಒಬ್ಬನೇ ಬಂದ. ಕೊನೆಗೆ ಸ್ಟೇಜ್ ಗೆದ್ದವನು ಸ್ಲೊವೇನಿಯಾದ ಪೊಗಾಚಾರ್, ಪಿನೋಗೆ ಏಳನೇ ಸ್ಥಾನ. ಅಳುವ ತುಣುಕು ಹಂಚುವವರು ಇದನ್ನೂ, ಆ ಚಿವಿಲ್ಯೋ ಇಳಿಜಾರನ್ನೂ ಒಮ್ಮೆ ಹಾಕಿ, ಅಲ್ವಾ?