ಅಪ್ಪ ಯಾವ ಬೆಟಾಲಿಯನ್ನು, ಯಾವ ದಿನ?

ಹಳೇ ಫೋಟೋದಲ್ಲಿ ಅಪ್ಪನ ಟೋಪಿ ಮೇಲಿರುವ ಬ್ಯಾಡ್ಜ್ ನೋಡಿ, ಅದೇ ಅವರ ರೆಜಿಮೆಂಟ್ ಅಂತ ಹುಡುಕಾಟ ಶುರುಮಾಡುವವರೇ ಹೆಚ್ಚು. ಎರಡನೇ ಮಹಾಯುದ್ಧದ ಕೆನಡಾ ಕಾಲಾಳುಗಳ ವಿಷಯದಲ್ಲಿ ಎಡವುವುದು ಇಲ್ಲೇ. ಸೇರಿದ್ದು ಒಂದು ರೆಜಿಮೆಂಟಿಗೆ, ಹಡಗು ಹತ್ತಿದ್ದು ಇನ್ನೊಂದರ ಜೊತೆ, ಗುಂಡಿನ ಎದುರು ನಿಂತದ್ದು ಮೂರನೆಯದರಲ್ಲಿ ಆಗಿರುವುದು ಮಾಮೂಲು. "ಅವರು ಫಿರಂಗಿ ದಳದಲ್ಲಿದ್ದರು" ಅನ್ನುವ ಮನೆಮಾತೂ ಪೂರ್ತಿ ನಿಜವಾಗಿರಬೇಕಿಲ್ಲ: ಇಟಲಿಯಲ್ಲಿ 1944ರ ಜುಲೈನಲ್ಲಿ ಒಂದು ಇಡೀ ವಿಮಾನ ನಿರೋಧಕ ರೆಜಿಮೆಂಟನ್ನೇ ಕಾಲಾಳು ಬೆಟಾಲಿಯನ್ ಮಾಡಿಬಿಟ್ಟರು.

ಮೊದಲು ಸರ್ವಿಸ್ ನಂಬರ್ ಹುಡುಕಿ. ಪೇಬುಕ್, ಡಿಸ್ಚಾರ್ಜ್ ಪತ್ರ, ಊರಿಗೆ ಬರೆದ ಕಾಗದದ ಮೇಲ್ಭಾಗ, ಎಲ್ಲಾದರೂ ಇರುತ್ತದೆ. ನಂಬರಿನ ಮೊದಲಲ್ಲಿರುವ ಅಕ್ಷರ ಎಲ್ಲಿ ಭರ್ತಿಯಾದರು ಅನ್ನುವುದನ್ನು ಹೇಳುತ್ತದೆ: ಬಿ ಆದರೆ ಟೊರಾಂಟೊ, ಎಚ್ ಆದರೆ ವಿನಿಪೆಗ್, ಕೆ ಆದರೆ ಬ್ರಿಟಿಷ್ ಕೊಲಂಬಿಯಾ, ಎಂ ಆದರೆ ಆಲ್ಬರ್ಟಾ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಎಲ್ಲಿ ಕಾದಾಡಿದರು ಅನ್ನುವುದು ಅದರಲ್ಲಿಲ್ಲ.

ಅಪ್ಪನ ಸರ್ವಿಸ್ ಕಡತ ಇರುವುದು ಒಟ್ಟಾವಾದ ಲೈಬ್ರರಿ ಆಂಡ್ ಆರ್ಕೈವ್ಸ್ ಕೆನಡಾದಲ್ಲಿ. ಯುದ್ಧದಲ್ಲಿ ಮಡಿದವರ ಕಡತಗಳು ಎಲ್ಲರಿಗೂ ಮುಕ್ತ. ಬದುಕಿ ಬಂದವರದ್ದಕ್ಕೆ ಅರ್ಜಿ ಹಾಕಬೇಕು. ತೀರಿಕೊಂಡು ಇಪ್ಪತ್ತು ವರ್ಷ ಆಗಿಲ್ಲದಿದ್ದರೆ ಮರಣದ ದಾಖಲೆ ಮತ್ತು ನೀವು ಮಗ ಅಥವಾ ಮಗಳು ಅನ್ನುವುದಕ್ಕೆ ಪುರಾವೆ ಬೇಕು. ಆಯ್ದ ಪುಟಗಳು ಸಾಕು ಅನ್ನಬೇಡಿ, ಪೂರ್ತಿ ಕಡತವನ್ನೇ ಕೇಳಿ. ಕಾಯುವುದು ತಿಂಗಳುಗಟ್ಟಲೆ.

ಬಂದ ಕಡತದಲ್ಲಿ ಮೊದಲು ಓದಬೇಕಾದದ್ದು ವರ್ಗಾವಣೆಗಳ ಹಾಳೆ. ಟಿಒಎಸ್ ಅಂದರೆ ಘಟಕದ ಲೆಕ್ಕಕ್ಕೆ ಸೇರಿದರು, ಎಸ್‌ಒಎಸ್ ಅಂದರೆ ಲೆಕ್ಕದಿಂದ ಬಿಟ್ಟರು. ಎಕ್ಸ್-4 ಲಿಸ್ಟ್ ಅಂತಿದ್ದರೆ ಇನ್ನೂ ಯಾವ ಬೆಟಾಲಿಯನ್ನಿಗೂ ಹಂಚದ ಮೀಸಲು ಆಳು. ಎಕ್ಸ್-3 ಅಂದರೆ ಆಸ್ಪತ್ರೆ ಪಾಲು. ಒಂದೊಂದು ನಮೂದಿನ ಪಕ್ಕದಲ್ಲೂ ಎರಡು ತಾರೀಖು ಇರಬಹುದು: ಘಟನೆ ನಡೆದದ್ದು ಒಂದು, ಅದು ಪಾರ್ಟ್ 2 ಆರ್ಡರ್‌ನಲ್ಲಿ, ಅಂದರೆ ಸಿಬ್ಬಂದಿ ಬದಲಾವಣೆಗಳನ್ನು ತಿಳಿಸುವ ಘಟಕದ ಆದೇಶದಲ್ಲಿ, ಪ್ರಕಟವಾದದ್ದು ಇನ್ನೊಂದು. ಎರಡನೆಯದು ವಾರಗಟ್ಟಲೆ ತಡವಾಗಿರುತ್ತದೆ. ಅದನ್ನು ಹಿಡಿದರೆ ಅಪ್ಪನನ್ನು ಬೇರೆಯದೇ ಕದನದೊಳಗೆ ನಿಲ್ಲಿಸಿಬಿಡುತ್ತೀರಿ. ಒಂದೇ ದಿನದ ವ್ಯತ್ಯಾಸವೂ ದೊಡ್ಡದೇ. ಎಕ್ಸ್-4ನಿಂದ ಕೆನಡಾದ ಕಾಲಾಳು ಬೆಟಾಲಿಯನ್ ಸೀಫೋರ್ತ್ ಹೈಲ್ಯಾಂಡರ್ಸ್‌ಗೆ ಬಂದದ್ದು 1943ರ ಡಿಸೆಂಬರ್ 29 ಅಂತಿದ್ದರೆ ಅವರು ಇಟಲಿಯ ಓರ್ಟೋನಾದ ಬೀದಿಕಾಳಗದಲ್ಲಿ ಇರಲಿಲ್ಲ. ಊರು ಕೈವಶವಾದದ್ದು 28ಕ್ಕೆ.

ತಾರೀಖುಗಳು ಕೈಗೆ ಬಂದ ಮೇಲೆ ಬೆಟಾಲಿಯನ್ನಿನ ಯುದ್ಧ ದಿನಚರಿ ನೋಡಿ, ಅಂದರೆ ಘಟಕ ದಿನದಿನವೂ ಬರೆದಿಟ್ಟ ದಾಖಲೆ. ಮೈಕ್ರೋಫಿಲ್ಮ್‌ನಿಂದ ಸ್ಕ್ಯಾನ್ ಮಾಡಿದ್ದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಆದರೆ ಹೆಸರು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ; ತಿಂಗಳು ಹಿಡಿದು ಪುಟ ತಿರುಗಿಸಬೇಕು. ಸಾಮಾನ್ಯ ಸಿಪಾಯಿಯ ಹೆಸರು ಅದರಲ್ಲಿ ಅಪರೂಪ, ಅಧಿಕಾರಿಗಳದ್ದೇ ಕಾರುಬಾರು. ಹಾಗಂತ ಬಿಡಬೇಡಿ, ಬೆಟಾಲಿಯನ್ ಆ ದಿನ ಏನು ಮಾಡಿತು ಅನ್ನುವುದಾದರೂ ಸಿಗುತ್ತದೆ. ಸೀಫೋರ್ತ್ಸ್‌ನವರು 1943ರ ಕ್ರಿಸ್‌ಮಸ್ ದಿನ ಓರ್ಟೋನಾದ ಸಾಂತಾ ಮರಿಯಾ ದಿ ಕೊಸ್ತಾಂತಿನೋಪೊಲಿ ಚರ್ಚಿನಲ್ಲಿ ಉಂಡರು. ಕಂಪನಿಗಳು, ಅಂದರೆ ಬೆಟಾಲಿಯನ್ನಿನ ತುಕಡಿಗಳು, ಸರದಿಯ ಮೇಲೆ ಮುಂಚೂಣಿಯಿಂದ ಹಿಂದೆ ಬಂದು, ಮೇಜಿನ ಮುಂದೆ ಕೂತು ಹಂದಿಮಾಂಸ, ಹಿಸುಕಿದ ಆಲೂಗಡ್ಡೆ, ಪುಡ್ಡಿಂಗ್ ಮುಗಿಸಿ ಮತ್ತೆ ಕಾಳಗಕ್ಕೆ ಹೋದರು. ಅಪ್ಪ ಉಂಡದ್ದು ಯಾವ ಸರದಿಯಲ್ಲಿ ಅಂತ ಗೊತ್ತಾಗಬೇಕಾದರೆ ಕಂಪನಿ ಗೊತ್ತಿರಬೇಕು. ಸರ್ವಿಸ್ ಕಡತದಲ್ಲಿ ಕಂಪನಿ ಬರೆದಿರುವುದು ಕಡಿಮೆ. ಕಾಗದದ ವಿಳಾಸ, ಗುಂಪು ಫೋಟೋದ ಹಿಂಬದಿ, ದಿನಚರಿಯ ಅನುಬಂಧಗಳು, ಇವುಗಳಲ್ಲೇ ತಡಕಾಡಬೇಕು. ಓರ್ಟೋನಾ ದಿನಗಳಲ್ಲಿ ಪಕ್ಕದ ಸೇನೆ ಅಂತ "8 ಇಂಡ್ ಡಿವ್" ಕಾಣಿಸಿದರೆ ಅದು ವಿಲ್ಲಾ ಗ್ರಾಂಡೆ ಕಡೆ ಕಾದಾಡುತ್ತಿದ್ದ ನಮ್ಮ ಭಾರತದ ಎಂಟನೇ ಡಿವಿಷನ್.

ದಿನಚರಿಯ ಆರಂಕಿ ನಕ್ಷೆ ಗುರುತಿನಲ್ಲಿ ಮೊದಲ ಮೂರು ಅಂಕಿ ಪೂರ್ವಕ್ಕೆ, ಕೊನೆ ಮೂರು ಉತ್ತರಕ್ಕೆ. ನೂರು ಮೀಟರ್ ಚೌಕ ಸಿಗುತ್ತದೆ. ಅದನ್ನು ಇವತ್ತಿನ ಜಿಪಿಎಸ್‌ಗೆ ನೇರ ತುಂಬಬೇಡಿ. ಅದು ಆಗಿನ ಬ್ರಿಟಿಷ್ ಗ್ರಿಡ್ (ನಕ್ಷೆಯ ಚೌಕಳಿ), ಅದೇ ಆರಂಕಿ ನೂರು ಕಿಲೋಮೀಟರಿಗೊಮ್ಮೆ ಮತ್ತೆ ಬರುತ್ತದೆ. ಆ ಕಾಲದ ನಕ್ಷೆಯ ಹಾಳೆಯನ್ನೇ ಹುಡುಕಿ ಇಟ್ಟುಕೊಳ್ಳಿ.

ಪದಕಗಳನ್ನು ಕೊನೆಗೆ ನೋಡಿ. ಈ ಯುದ್ಧದಲ್ಲಿ ಕೆನಡಾ ಕೊಟ್ಟ ತಾರಾ ಪದಕಗಳ ಮೇಲೆ ಹೆಸರು ಕೊರೆದಿಲ್ಲ, ಹಾಗಾಗಿ ಡಬ್ಬಿಯಲ್ಲಿರುವುದೆಲ್ಲ ಅಪ್ಪನದ್ದೇ ಅನ್ನುವ ಖಾತ್ರಿಯಿಲ್ಲ. ಇಟಲಿ ಸ್ಟಾರ್, ಫ್ರಾನ್ಸ್ ಆಂಡ್ ಜರ್ಮನಿ ಸ್ಟಾರ್ ಎರಡೂ ಇದ್ದರೆ ಕಡತದಲ್ಲಿ ಹೆಚ್ಚಿನವರಿಗೆ 1945ರ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಇಟಲಿ ಬಿಟ್ಟ ನಮೂದು ಇರಬೇಕು. ಆಗಲೇ ಕೆನಡಾದ ಕೋರ್ (ಹಲವು ಡಿವಿಷನ್‌ಗಳ ಸೇನಾದಳ) ಇಟಲಿಯ ಲಿವೋರ್ನೊದಿಂದ ಫ್ರಾನ್ಸಿನ ಮಾರ್ಸೇಗೆ ಹಡಗು ಹತ್ತಿದ್ದು. ಆ ಸಾಲು ಕಾಣದಿದ್ದರೆ ಅದಕ್ಕೆ ಮುಂಚೆ ಗಾಯಗೊಂಡು ಇಂಗ್ಲೆಂಡಿಗೆ ಹೋದದ್ದುಂಟೇ ಅಂತ ನೋಡಿ. ಅದೂ ಇಲ್ಲವಾದರೆ ಕಡತದ ಒಂದು ಹಾಳೆ ಬಂದಿಲ್ಲ, ಇಲ್ಲವೇ ಪದಕ ಇನ್ಯಾರದ್ದೋ.